ಎತ್ತರಿಸಿದ ಹಳೆಯ ಲಾರಿ: ಅಗ್ಗದ ಬೆಲೆಯ ಹಿಂದಿನ ಲೆಕ್ಕ

ಕೂಳೂರು ಸೇತುವೆಯ ಮೇಲೆ ಭಾರದ ಲಾರಿಯೊಂದು ಕೆಟ್ಟು ನಿಂತರೆ ಒಂದೆಡೆ ಕೊಟ್ಟಾರ ಚೌಕಿಯತ್ತ, ಇನ್ನೊಂದೆಡೆ ಪಣಂಬೂರಿನತ್ತ ವಾಹನಗಳ ಸಾಲು ಬೆಳೆಯುವುದನ್ನು ಈ ಪರಿಸರದ ವರ್ತಕರೆಲ್ಲರೂ ಬಲ್ಲರು. ಬಂದರಿಗೆ ತಲಪಬೇಕಾದ ಸರಕು ನಡುದಾರಿಯಲ್ಲಿ ಉಳಿಯುತ್ತದೆ. ಬೈಕಂಪಾಡಿಯ ಕಾರ್ಖಾನೆಗೆ ಬರಬೇಕಾದ ಕಚ್ಚಾ ಸಾಮಗ್ರಿಗಾಗಿ ಕೆಲಸಗಾರರು ಕೈಕಟ್ಟಿ ಕುಳಿತಿರುತ್ತಾರೆ. ಕ್ರೇನಿನವರನ್ನು ಕರೆಸಿದರೆ ಅವರು ಹೇಳಿದ್ದೇ ಬಾಡಿಗೆ. ಹೀಗಿರುವಾಗ, ಕೆಟ್ಟ ವಾಹನಗಳನ್ನು ಎಳೆದು ತರಲು, ಯಂತ್ರ ಹೇರಿದ ಟ್ರೈಲರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಸ್ವಂತಕ್ಕೊಂದು ಹಳೆಯ ಡೀಸೆಲ್ ಲಾರಿ ಇದ್ದರೆ ಒಳ್ಳೆಯದೆಂದು ಸಣ್ಣ ಉದ್ಯಮಿಗಳು ಯೋಚಿಸುವುದು ಸಹಜವೇ ಆಗಿದೆ.

ಈ ಯೋಚನೆಗೆ ನನ್ನ ವಿರೋಧವಿಲ್ಲ. ಆದರೆ ಇಂತಹ ಕೆಲಸಕ್ಕೆಂದು ದಲ್ಲಾಳಿಗಳು ಮೊದಲಿಗೆ ತೋರಿಸುವುದು ಹಿಂಭಾಗವನ್ನು ಎತ್ತರಿಸಿದ ಲಾರಿಗಳನ್ನು. ಕಮಾನ್ ಪಟ್ಟಿಗಳನ್ನು ಹೆಚ್ಚಿಸಿ, ಆಕ್ಸಲ್ ಮತ್ತು ಕಮಾನಿನ ನಡುವೆ ಕಬ್ಬಿಣದ ತುಂಡು ಕೊಟ್ಟು, ಉದ್ದದ ಯು ಬೋಲ್ಟುಗಳಿಂದ ಬಿಗಿದ ಲಾರಿ ನೋಡಲು ಗಟ್ಟಿಮುಟ್ಟಾಗಿಯೇ ಕಾಣುತ್ತದೆ. 'ಎಷ್ಟು ಭಾರ ಹಾಕಿದರೂ ಕೂರುವುದಿಲ್ಲ, ಏನನ್ನು ಕಟ್ಟಿದರೂ ಎಳೆಯುತ್ತದೆ' ಎಂಬ ಮಾತೂ ಜೊತೆಗೆ ಬರುತ್ತದೆ. ಅಮೆರಿಕದ ಎತ್ತರದ ಪಿಕಪ್‌ಗಳನ್ನು ಚಿತ್ರಗಳಲ್ಲಿ ಕಂಡ ನಮ್ಮ ತರುಣ ಉದ್ಯಮಿಗಳಿಗೆ ಈ ಮಾತು ಬೇಗನೆ ಹಿಡಿಸುತ್ತದೆ. ಎಳೆಯುವ ಕೆಲಸಕ್ಕೆ ಅಂತಹ ಲಾರಿಯನ್ನು, ಬೆಲೆ ಎಷ್ಟೇ ಇಳಿದರೂ, ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲನೆಯದಾಗಿ, ಆ ಎತ್ತರ ಎಲ್ಲಿಂದ ಬಂತೆಂಬುದನ್ನು ವಿಚಾರಿಸಬೇಕು. ಕಾರ್ಖಾನೆಯಿಂದ ಹೊರಬಂದ ಲಾರಿಗೆ ಯಾರೂ ಅಲಂಕಾರಕ್ಕಾಗಿ ಕಮಾನ್ ಪಟ್ಟಿ ಸೇರಿಸುವುದಿಲ್ಲ. ನಿಗದಿತ ಭಾರಕ್ಕಿಂತ ಹೆಚ್ಚು ಹೇರುವವನು ಮಾತ್ರ ಸೇರಿಸುತ್ತಾನೆ. ಕಬ್ಬಿಣದ ಅದಿರಿನ ಸಾಗಾಟದ ಭರಾಟೆಯ ದಿನಗಳಲ್ಲಿ ಹೊಸಪೇಟೆ, ಬಳ್ಳಾರಿ ಕಡೆಯಿಂದ ನಮ್ಮ ಬಂದರಿಗೆ ಬರುತ್ತಿದ್ದ ಲಾರಿಗಳ ಸಾಲನ್ನು ಹಿರಿಯ ಸದಸ್ಯರು ಮರೆತಿರಲಾರರು. ಅವುಗಳ ಅತಿಭಾರದ ಕುರಿತು ಲೋಕಾಯುಕ್ತರ 2011ರ ಗಣಿ ವರದಿಯಲ್ಲಿಯೂ ಪ್ರಸ್ತಾಪವಿದೆ. 2010ರ ಜುಲೈಯಲ್ಲಿ ರಾಜ್ಯ ಸರ್ಕಾರವು ಅದಿರು ರಫ್ತನ್ನು ತಡೆಹಿಡಿದು, ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದಾಗ ಆ ಲಾರಿಗಳಿಗೆ ಕೆಲಸವಿಲ್ಲದಾಯಿತು. ಮಾಲೀಕರು ಸಾಲದ ಕಂತಿಗಾಗಿ ಪರದಾಡಿದರು. ಇಂದು ಆ ಕಾಲದ ಲಾರಿಗಳಿಗೆ ವಯಸ್ಸು ಮೀರಿದೆಯಾದರೂ ಜಲ್ಲಿ, ಮರಳು, ಕೆಂಪುಕಲ್ಲು ಹೊತ್ತ ಲಾರಿಗಳು ಅದೇ ರೂಪದಲ್ಲಿ ಮಾರುಕಟ್ಟೆಗೆ ಬರುತ್ತಲೇ ಇವೆ. ಎತ್ತರಿಸಿದ ಲಾರಿ ಎಂದರೆ ಬೆನ್ನು ಬಾಗುವಷ್ಟು ದುಡಿದ ಲಾರಿ ಎಂದೇ ತಿಳಿಯಬೇಕು. ಅದರ ಚಾಸಿ, ಹೌಸಿಂಗ್, ಗೇರ್ ಪೆಟ್ಟಿಗೆ ಎಲ್ಲವೂ ಆ ಭಾರವನ್ನು ಅನುಭವಿಸಿವೆ. ಇಂಜಿನ್ ಹೊಸದಾಗಿ ಕಟ್ಟಿಸಬಹುದು. ಚಾಸಿಯಲ್ಲಿ ಬಿದ್ದ ಬಿರುಕನ್ನು ವೆಲ್ಡ್ ಮಾಡಿ ಬಣ್ಣ ಬಳಿದರೆ ಅದು ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ಇನ್ನು ಎಳೆಯುವ ವಿಷಯ. ಲಾರಿಯ ಎತ್ತರ ಹೆಚ್ಚಿದಷ್ಟು ಅದರ ಭಾರಕೇಂದ್ರ ಮೇಲೇರುತ್ತದೆ. ಸಮತಟ್ಟಾದ ಪಣಂಬೂರು ರಸ್ತೆಯಲ್ಲಿ ಇದು ಗೊತ್ತಾಗದಿರಬಹುದು. ಶಿರಾಡಿ ಘಾಟಿಯ ತಿರುವಿನಲ್ಲಿ ಹಿಂದೆ ಕಟ್ಟಿದ ಟ್ರೈಲರ್ ಪಕ್ಕಕ್ಕೆ ತಳ್ಳಿದಾಗ ಗೊತ್ತಾಗುತ್ತದೆ. ಕೊಂಡಿಯೂ ಮೇಲಕ್ಕೆ ಹೋಗುವುದರಿಂದ ಟ್ರೈಲರಿನ ಮೂತಿ ಎತ್ತಿಕೊಂಡು ಅದರ ಭಾರ ಹಿಂದಕ್ಕೆ ಸರಿಯುತ್ತದೆ. ಹಾಗೆ ಹಿಂದಕ್ಕೆ ಸರಿದ ಭಾರವೇ ಟ್ರೈಲರನ್ನು ಓಲಾಡಿಸುವುದು. ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗಿ ಅದರ ಕ್ರಾಸ್‌ಗಳು ಬೇಗನೆ ಸವೆಯುತ್ತವೆ. ಇಂತಹ ಲಾರಿಯನ್ನು ನೋಡಹೋದಾಗ ನಿರ್ದಿಷ್ಟ ವೇಗದಲ್ಲಿ ಕ್ಯಾಬಿನ್ ನಡುಗುತ್ತದೆಯೇ ಎಂದು ಗಮನಿಸಿದರೆ ಸಾಕು, ದಲ್ಲಾಳಿ ಹೇಳದ ಕಥೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದದ್ದು ಬ್ರೇಕಿನ ವಿಚಾರ. ಅನೇಕ ಲಾರಿಗಳಲ್ಲಿ ಹಿಂದಿನ ಆಕ್ಸಲ್ ಮತ್ತು ಚಾಸಿಯ ನಡುವಿನ ಅಂತರವನ್ನು ಅಳೆದು, ಅದಕ್ಕನುಗುಣವಾಗಿ ಹಿಂಚಕ್ರಗಳ ಬ್ರೇಕಿಗೆ ಒತ್ತಡ ಕೊಡುವ ವಾಲ್ವ್ ಇರುತ್ತದೆ. ಭಾರ ಹೇರಿದಾಗ ಚಾಸಿ ಕೆಳಗಿಳಿಯುತ್ತದೆ, ವಾಲ್ವ್ ಹೆಚ್ಚು ಒತ್ತಡ ಬಿಡುತ್ತದೆ. ಖಾಲಿಯಿದ್ದಾಗ ಚಕ್ರ ಜಾರದಿರಲೆಂದು ಕಡಿಮೆ ಮಾಡುತ್ತದೆ. ಚಾಸಿಯನ್ನು ಕೃತಕವಾಗಿ ಮೇಲೆತ್ತಿದರೆ ಆ ವಾಲ್ವಿಗೆ ಲಾರಿ ಸದಾ ಖಾಲಿಯಾಗಿಯೇ ತೋರುತ್ತದೆ. ಅಂದರೆ ಬೆನ್ನಿನ ಮೇಲೆ ಭಾರ, ಹಿಂದೆ ಟ್ರೈಲರ್ ಇರುವಾಗಲೂ ಹಿಂದಿನ ಬ್ರೇಕಿಗೆ ಸಿಗುವುದು ಖಾಲಿ ಲಾರಿಯ ಒತ್ತಡ ಮಾತ್ರ. ಇದನ್ನು ಅರಿತ ಕೆಲವರು ವಾಲ್ವಿನ ಕೊಂಡಿಯನ್ನೇ ಕಳಚಿ ತಂತಿಯಿಂದ ಕಟ್ಟಿಬಿಡುತ್ತಾರೆ. ಆಗ ಮಳೆಗಾಲದ ರಸ್ತೆಯಲ್ಲಿ ಖಾಲಿ ಲಾರಿಯ ಚಕ್ರಗಳು ಜಾರುತ್ತವೆ. ಯಾವುದನ್ನು ಆರಿಸಿಕೊಂಡರೂ ಅಪಾಯವೇ. ಹಿಂಬದಿಯ ರಕ್ಷಣಾ ಪಟ್ಟಿಯ ಮಾತೂ ಹಾಗೆಯೇ. ಕಾರು ಕೆಳಗೆ ನುಗ್ಗದಿರಲೆಂದು ಅದನ್ನು ನೆಲದಿಂದ 550 ಮಿಲಿಮೀಟರಿಗಿಂತ ಮೇಲಿಡಬಾರದೆಂಬುದು ಮಾನದಂಡ. ಲಾರಿ ಎತ್ತರವಾದಾಗ ಪಟ್ಟಿಯೂ ಮೇಲೇರಿ ನಿಷ್ಪ್ರಯೋಜಕವಾಗುತ್ತದೆ.

ಕಾನೂನಿನ ದೃಷ್ಟಿಯೂ ಇದಕ್ಕೆ ಅನುಕೂಲವಾಗಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಮು ನಿಷೇಧಿಸುತ್ತದೆ. 2019ರ ಜನವರಿಯ ತೀರ್ಪೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಕಟ್ಟುನಿಟ್ಟಾಗಿ ಅರ್ಥೈಸಿದೆ. ಅದೇ ವರ್ಷದ ತಿದ್ದುಪಡಿಯ ನಂತರ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆ, ಇಲ್ಲವೇ ಎರಡನ್ನೂ ವಿಧಿಸಬಹುದು. 'ಹಿಂದಿನವರು ಮಾಡಿಸಿದ್ದು' ಎಂಬ ಸಮಜಾಯಿಷಿ ಸಾಲದು. ಅಪಘಾತವಾದರೆ ವಿಮಾ ಕಂಪನಿಯು ಇದೇ ಮಾರ್ಪಾಟನ್ನು ಮುಂದಿಟ್ಟು ಸ್ವಂತ ನಷ್ಟದ ಪರಿಹಾರಕ್ಕೆ ಆಕ್ಷೇಪ ಎತ್ತಬಹುದು.

ಪರವಾನಗಿಯ ಕುರಿತು ಒಂದು ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಕೆಟ್ಟ ವಾಹನವನ್ನು ಎಳೆಯಲು ಅಥವಾ ಅದರ ಸರಕನ್ನು ಸುರಕ್ಷಿತ ಸ್ಥಳಕ್ಕೆ ಒಯ್ಯಲು ಬಳಸುವ ವಾಹನಕ್ಕೆ 66ನೇ ಕಲಮಿನಲ್ಲಿ ಪರ್ಮಿಟ್ ವಿನಾಯಿತಿ ಇರುವುದು ನಿಜ. ಆದರೆ ಅದೇ ಲಾರಿಯಲ್ಲಿ ಮರುದಿನ ಸಿಮೆಂಟ್ ಹೇರಿ ಮೂಡುಬಿದಿರೆಗೆ ಕಳುಹಿಸಿದರೆ ಆ ವಿನಾಯಿತಿ ಅನ್ವಯಿಸದು. ಗಡಿ ದಾಟಿ ಕಾಸರಗೋಡಿಗೆ ಹೋಗಬೇಕಾದವರು ಇನ್ನೊಂದನ್ನು ನೆನಪಿಡಬೇಕು: ಬಹು ಆಕ್ಸಲ್ ಅಲ್ಲದ ಸರಕು ವಾಹನ 12 ವರ್ಷ ದಾಟಿದರೆ ನ್ಯಾಶನಲ್ ಪರ್ಮಿಟ್ ಸಿಗುವುದಿಲ್ಲ, ಬಹು ಆಕ್ಸಲ್ ವಾಹನಕ್ಕೆ ಆ ಮಿತಿ 15 ವರ್ಷ. ಎಂಟು ವರ್ಷ ಮೀರಿದ ಲಾರಿಗೆ ಪ್ರತಿವರ್ಷ ಎಫ್.ಸಿ. ಮಾಡಿಸಬೇಕು. 15 ವರ್ಷ ಮೀರಿದವುಗಳ ಶುಲ್ಕ 2022ರ ಏಪ್ರಿಲ್‌ನಿಂದ ಬಹಳವಾಗಿ ಏರಿದೆ.

ಕಾಗದಪತ್ರಗಳ ಬಗ್ಗೆ ಕೊಳ್ಳುವವರಿಗಿಂತಲೂ ಮಾರುವವರಿಗೆ ನಾನು ಹೆಚ್ಚು ಹೇಳಬಯಸುತ್ತೇನೆ. ಏಕೆಂದರೆ ನಮ್ಮ ಸದಸ್ಯರಲ್ಲಿ ಹಳೆಯ ಲಾರಿ ಮಾರುವವರೂ ಇದ್ದಾರೆ. ಸಹಿ ಹಾಕಿದ ಖಾಲಿ ಫಾರಂಗಳನ್ನು ದಲ್ಲಾಳಿಯ ಕೈಗಿತ್ತು, ಹಣ ಎಣಿಸಿಕೊಂಡು ನೆಮ್ಮದಿಯಾಗಿರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. 2018ರ ಫೆಬ್ರುವರಿಯಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾರಿಗೆ ಕಚೇರಿಯ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ಅಪಘಾತದ ಪರಿಹಾರಕ್ಕೆ ಅವರೇ ಹೊಣೆಯೆಂದೂ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ವಾಹನವು ಒಬ್ಬರಿಂದೊಬ್ಬರಿಗೆ ಹಲವು ಕೈ ಬದಲಾಗಿತ್ತು; ಹೊಣೆ ಮಾತ್ರ ದಾಖಲೆಯಲ್ಲಿದ್ದ ಮೊದಲನೆಯವರ ಮೇಲೆಯೇ ಬಂತು. ಎಳೆಯುವ ಕೆಲಸದ ಲಾರಿ ಇಂದು ಇವರ ಕೈಯಲ್ಲಿ, ನಾಳೆ ಇನ್ನಾರದೋ ಕೈಯಲ್ಲಿ ಇರುವಂಥದ್ದು. ಫಾರಂ 29 ಮತ್ತು 30ನ್ನು ಪೂರ್ಣವಾಗಿ ತುಂಬಿಸಿ ಸಹಿ ಹಾಕಿ, ಮಾರಾಟವನ್ನು 14 ದಿನಗಳೊಳಗೆ ಕಚೇರಿಗೆ ತಿಳಿಸಿ, ಹೆಸರು ಬದಲಾಗಿರುವುದನ್ನು ಪರಿವಾಹನ ಜಾಲತಾಣದಲ್ಲಿ ಕಣ್ಣಾರೆ ನೋಡುವವರೆಗೆ ಮಾರಾಟ ಮುಗಿಯಿತೆಂದು ಭಾವಿಸಬಾರದು.

ಕೊಳ್ಳುವವರು ಫೈನಾನ್ಸ್ ತೀರಿದ ಫಾರಂ 35, ಬೇರೆ ರಾಜ್ಯದ್ದಾದರೆ ಫಾರಂ 28ರ ನಿರಾಕ್ಷೇಪಣಾ ಪತ್ರ, ತೆರಿಗೆ ಮತ್ತು ಬಾಕಿ ದಂಡಗಳ ವಿವರ ಇಷ್ಟನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೆಯವರ ಹೊಣೆಯ ವಿಮೆ ವಾಹನದ ಜೊತೆಗೇ ಬಂದರೂ ಸ್ವಂತ ನಷ್ಟದ ವಿಮೆ ಹಾಗೆ ಬರುವುದಿಲ್ಲ.

ಬೆಲೆಯ ಲೆಕ್ಕವೂ ಈಗ ಬದಲಾಗಿದೆ. ಜಿ.ಎಸ್.ಟಿ. ನೋಂದಾಯಿತ ವ್ಯಾಪಾರಿ ಹಳೆಯ ವಾಹನ ಮಾರಿದರೆ 2025ರ ಜನವರಿಯಿಂದ ಲಾಭಾಂಶದ ಮೇಲೆ ಶೇಕಡಾ 18 ತೆರಿಗೆ. ಸವಕಳಿ ತೋರಿಸಿದ ಲಾರಿಯಾದರೆ ಮಾರಿದ ಬೆಲೆಯಿಂದ ಪುಸ್ತಕದ ಬೆಲೆಯನ್ನು ಕಳೆಯಬೇಕು. ಪುಸ್ತಕದಲ್ಲಿ 3 ಲಕ್ಷವಿರುವ ಲಾರಿ 4 ಲಕ್ಷಕ್ಕೆ ಹೋದರೆ ತೆರಿಗೆ 18,000 ರೂಪಾಯಿ. ಕೊಂಡಾಗ ಇನ್‌ಪುಟ್ ಕ್ರೆಡಿಟ್ ಪಡೆದಿದ್ದವರಿಗೆ ಈ ಸೌಲಭ್ಯವಿಲ್ಲ. ಇತ್ತ 2025ರ ಸೆಪ್ಟೆಂಬರ್ 22ರಿಂದ ಹೊಸ ಸರಕು ವಾಹನಗಳ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆಯದಕ್ಕೂ ಹೊಸದಕ್ಕೂ ಇದ್ದ ಅಂತರ ಇದರಿಂದ ಕಿರಿದಾಗಿದೆ. ಹಳೆಯ ಲಾರಿಯ ಬೆಲೆ ಹೇಳುವವರು ಇದನ್ನು ತಾವಾಗಿ ಹೇಳುವುದಿಲ್ಲ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಮೂಲ ಎತ್ತರದಲ್ಲಿರುವ, ನೋಂದಣಿ ಪತ್ರದ ತೂಕಕ್ಕೂ ವೇಬ್ರಿಜ್ಜಿನ ಖಾಲಿ ತೂಕಕ್ಕೂ ಹೊಂದಿಕೆಯಿರುವ ಲಾರಿಯನ್ನು. ಖಾಲಿ ತೂಕ ಸಕಾರಣವಿಲ್ಲದೆ ಹೆಚ್ಚಾಗಿದ್ದರೆ ಎಲ್ಲೋ ಕಬ್ಬಿಣ ಸೇರಿದೆ ಎಂದರ್ಥ. ಇಂಜಿನನ್ನು ಬೆಳಗಿನ ತಂಪಿನಲ್ಲಿ, ಮಾರುವವರು ಮೊದಲೇ ಬಿಸಿಮಾಡಿರದ ಹೊತ್ತಿನಲ್ಲಿ ಚಾಲೂ ಮಾಡಿಸಿ ಹೊಗೆಯ ಬಣ್ಣ ನೋಡಬೇಕು. 2020ರ ಏಪ್ರಿಲ್ ನಂತರದ ಬಿ.ಎಸ್. 6 ಲಾರಿಯಾದರೆ ಯೂರಿಯಾ ದ್ರಾವಣದ ವ್ಯವಸ್ಥೆಯನ್ನು ಯಾರಾದರೂ ಕಿತ್ತುಹಾಕಿದ್ದಾರೆಯೇ ಎಂದು ಪರೀಕ್ಷಿಸಬೇಕು. ಹಳೆಯ ಯಾಂತ್ರಿಕ ಪಂಪಿನ ಇಂಜಿನ್ ಯಾವ ಗ್ಯಾರೇಜಿನಲ್ಲಾದರೂ ದುರಸ್ತಿಯಾಗುತ್ತದೆ, ಇವು ಹಾಗಲ್ಲ. ನಮ್ಮ ಕರಾವಳಿಗೆ ವಿಶೇಷವಾದ ತೊಂದರೆ ತುಕ್ಕಿನದು. ದಕ್ಕೆಯಿಂದ ಮೀನು ಸಾಗಿಸಿದ ಲಾರಿಯ ಅಡ್ಡಪಟ್ಟಿಗಳು ಐಸಿನ ಉಪ್ಪುನೀರಿನಿಂದ ಒಳಗಿಂದೊಳಗೆ ತಿಂದುಹೋಗಿರುತ್ತವೆ. ಎಳೆಯುವ ಕೊಂಡಿಯನ್ನು ಬಿಗಿಯುವುದು ಆ ಕಬ್ಬಿಣಕ್ಕೇ ಅಲ್ಲವೇ? ಸುತ್ತಿಗೆಯಿಂದ ತಟ್ಟಿ ನೋಡಲು ಬಿಡದವರ ಲಾರಿಯನ್ನು ನೋಡುವುದೇ ಬೇಡ.

ಕೊನೆಯದಾಗಿ ಒಂದು ಸಲಹೆ. ಕೂಳೂರು, ಬೈಕಂಪಾಡಿ ಪರಿಸರದ ಒಂದೊಂದು ಘಟಕಕ್ಕೂ ಎಳೆಯುವ ಕೆಲಸ ತಿಂಗಳಿಗೆ ಕೆಲವು ಸಲ ಮಾತ್ರ ಬರುತ್ತದೆ. ಅಷ್ಟಕ್ಕಾಗಿ ಪ್ರತಿಯೊಬ್ಬರೂ ಅಗ್ಗದ ಲಾರಿಯೊಂದನ್ನು ತಂದು ಅಂಗಳದಲ್ಲಿ ತುಕ್ಕು ಹಿಡಿಸುವುದಕ್ಕಿಂತ, ಹತ್ತು ಹನ್ನೆರಡು ಘಟಕಗಳು ಪಾಲು ಹಾಕಿ ಕ್ರೇನ್ ಅಳವಡಿಸಿದ, ಆ ಕೆಲಸಕ್ಕೆಂದೇ ನೋಂದಣಿಯಾದ ಒಂದು ಒಳ್ಳೆಯ ರಿಕವರಿ ವಾಹನವನ್ನು ಇಟ್ಟುಕೊಳ್ಳುವುದು ಲೇಸಲ್ಲವೇ? ಒಬ್ಬ ಅನುಭವಿ ಚಾಲಕನಿಗೆ ವರ್ಷವಿಡೀ ಕೆಲಸವಾಗುತ್ತದೆ. ಪಾಲಿಲ್ಲದವರಿಂದ ಬಾಡಿಗೆಯೂ ಬರುತ್ತದೆ. ವಾಹನ ಯಾರ ಹೆಸರಿನಲ್ಲಿರಬೇಕು, ವಿಮೆಯ ಕಂತು ಹೇಗೆ ಹಂಚಬೇಕು, ಒಂದೇ ದಿನ ಇಬ್ಬರಿಗೆ ಬೇಕಾದರೆ ಯಾರಿಗೆ ಮೊದಲು ಎಂಬ ಪ್ರಶ್ನೆಗಳು ಏಳುತ್ತವೆ. ಜೂನ್ ತಿಂಗಳ ಮಳೆಗೆ ಮುನ್ನ ನಮ್ಮ ಸಂಸ್ಥೆಯು ಸಾರಿಗೆ ವಿಚಾರಗಳಿಗಾಗಿ ಕರೆಯುವ ಸಭೆಯಲ್ಲಿ ಈ ಪ್ರಶ್ನೆಗಳನ್ನು ಚರ್ಚೆಗೆ ಇಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಪಾಲು ಸೇರಲು ನಾನು ಸಿದ್ಧನಿದ್ದೇನೆ.