ಗೋದಲಿಯ ಸರಳತೆ, ಮನೆಯ ಸಂತಸ

ಆಗಮನ ಕಾಲದ ನಾಲ್ಕು ವಾರಗಳಲ್ಲಿ ಧರ್ಮಸಭೆಯು ನಮಗೆ ಸಂಯಮವನ್ನು ಕಲಿಸುತ್ತದೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಇದೇ ವಾರಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುವುದೇನು? ಹೊಸ ಬಟ್ಟೆ, ನಕ್ಷತ್ರ, ದೀಪದ ಸರ, ಕೇಕು, ಮಾಂಸದೂಟ ಎಂದು ಖರ್ಚಿನ ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ನೆರೆಯವರಿಗಿಂತ ಕಡಿಮೆಯಾಗಬಾರದೆಂಬ ಹಂಬಲದಲ್ಲಿ ಕೆಲವರು ಬಡ್ಡಿಸಾಲಕ್ಕೂ ಕೈಯೊಡ್ಡುತ್ತಾರೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಇದು ಹಗುರವಾದ ಮಾತಲ್ಲ. ಇದು ಮಳೆ ಕಡಿಮೆಯ ನೆಲ. ಶೇಂಗಾ ಬೆಳೆ ಕೈಗೆ ಹತ್ತಿದರೆ ಉಂಟು, ಇಲ್ಲವಾದರೆ ಇಲ್ಲ. ಡಿಸೆಂಬರಿನಲ್ಲಿ ಮಾಡಿದ ಸಾಲವು ಜೂನ್ ತಿಂಗಳಲ್ಲಿ ಮಕ್ಕಳ ಶಾಲೆಯ ಶುಲ್ಕಕ್ಕೆ ಅಡ್ಡಬರುತ್ತದೆ.

'ವರ್ಷಕ್ಕೊಂದು ಹಬ್ಬ, ಅದಕ್ಕೂ ಲೆಕ್ಕವೇ?' ಎಂದು ಕೇಳುವವರುಂಟು. ಅವರ ಮಾತಿನಲ್ಲಿ ನ್ಯಾಯವಿದೆ. ದುಡಿದು ದಣಿದವರಿಗೆ ಒಂದು ದಿನದ ಸಿಹಿಯೂಟ ಬೇಡವೆನ್ನಲು ನಾವು ಯಾರು? ನಮ್ಮ ಆಕ್ಷೇಪಣೆ ಹಬ್ಬದ ಸಡಗರಕ್ಕಲ್ಲ, ಪೈಪೋಟಿಗೆ.

1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಗೋದಲಿಯನ್ನು ಸಿದ್ಧಗೊಳಿಸಿದಾಗ ಅಲ್ಲಿದ್ದುದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಹಳ್ಳಿಗರು ಪಂಜು ಹಿಡಿದು ಬಂದರು. ಅವರ ಆನಂದಕ್ಕೆ ಅಷ್ಟೇ ಸಾಕಾಯಿತು. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್‌ರವರು ಅದೇ ಗ್ರೆಚ್ಚೊಗೆ ಹೋಗಿ ಗೋದಲಿಯ ಅರ್ಥವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು.

ಆ ಗೋದಲಿಯನ್ನು ಕಟ್ಟಲು ನಮ್ಮ ಸೀಮೆಗಿಂತ ತಕ್ಕ ಸ್ಥಳ ಯಾವುದು? ರಾತ್ರಿಯಲ್ಲಿ ಬಯಲಲ್ಲಿ ಮಂದೆ ಕಾಯುತ್ತಿದ್ದ ಕುರುಬರಿಗೇ ಶುಭವಾರ್ತೆ ಮೊದಲು ತಲುಪಿತೆಂದು ಸಂತ ಲೂಕರು ಬರೆದಿದ್ದಾರೆ. ಕಂಬಳಿ ಹೊದ್ದು, ಚಳಿಯಲ್ಲಿ ಕುರಿಮಂದೆಯ ಬಳಿ ಮಲಗುವವರು ನಮ್ಮ ನೆರೆಯಲ್ಲೇ ಇದ್ದಾರೆ. ಮನೆಯ ಗೋದಲಿಗೆ ಶೇಂಗಾ ಹೊಟ್ಟು, ರಾಗಿ ಹುಲ್ಲು, ಕಂಬಳಿಯ ತುಂಡು ಸಾಕು. ಅದನ್ನು ಮಕ್ಕಳೇ ಕಟ್ಟಲಿ. ಅಂಗಡಿಯ ಕೇಕಿನ ಬದಲು ಶೇಂಗಾ ಉಂಡೆ, ಕಜ್ಜಾಯಗಳನ್ನು ಮನೆಮಂದಿಯೆಲ್ಲ ಕೂಡಿ ಮಾಡಲಿ. ಉಳಿದ ಹಣದಲ್ಲಿ ಒಂದು ಪಾಲು ಹಸಿದವರಿಗೆ ಸಲ್ಲಲಿ. ಒಬ್ಬಂಟಿ ವೃದ್ಧರೊಬ್ಬರು ಅಂದು ನಮ್ಮ ಪಂಕ್ತಿಯಲ್ಲಿ ಉಣ್ಣಲಿ.

ಸರಳತೆಯ ಉಪದೇಶವನ್ನು ಬಡವರಿಗಷ್ಟೇ ಮೀಸಲಿಡುವುದು ಅನ್ಯಾಯ. ಉಳ್ಳವರು ಮೊದಲು ತಮ್ಮ ಆಡಂಬರವನ್ನು ಇಳಿಸಿದರೆ ಇಲ್ಲದವರ ಮೇಲಿನ ಒತ್ತಡ ತಾನಾಗಿಯೇ ಇಳಿಯುತ್ತದೆ. ರೇಷ್ಮೆ ಸೀರೆಯನ್ನು ಕೊಳ್ಳಲೇಬೇಕೆಂದಿದ್ದರೆ ಮೊಳಕಾಲ್ಮೂರಿನ ನೇಕಾರರಿಂದಲೇ ನಗದು ಕೊಟ್ಟು ಕೊಳ್ಳೋಣ. ಆ ಮನೆಯಲ್ಲೂ ದೀಪ ಬೆಳಗಲಿ.

ಬಾಲಯೇಸುವಿಗೆ ಅಂದು ಛತ್ರದಲ್ಲಿ ಸ್ಥಳ ದೊರೆಯಲಿಲ್ಲ. ಇಂದು ನಾವು ಕೊಂಡು ತಂದು ತುಂಬಿದ ಸಾಮಾನುಗಳ ನಡುವೆ ಆತನಿಗೆ ಸ್ಥಳವಿಲ್ಲದಂತಾಗದಿರಲಿ.