ಗಡಿಯಾರದ ಕೀಲಿ ಯಾರ ಕೈಯಾಗ?

ನಮ್ಮ ತಂಡದ ಎಸ್‌ಎಲ್‌ಎ ವರದಿ ಪ್ರತಿ ತಿಂಗಳೂ ಹಸಿರು. ಎಸ್‌ಎಲ್‌ಎ ಅಂದರೆ ಯಾವ ಸೇವೆ ಎಷ್ಟು ಹೊತ್ತಿನೊಳಗ ಅಂತ ಬರೆದುಕೊಟ್ಟ ಮಾತು. ಗ್ರಾಹಕರು ಮಾತ್ರ ಪ್ರತಿ ತಿಂಗಳೂ ಬೈತಾರ. ಹೊರಗ ಹಸಿರು, ಕೊಯ್ದರೆ ಕೆಂಪು ಅಂತ ಐಟಿಯವರು ಇಂಥ ವರದಿಗೆ ಕಲ್ಲಂಗಡಿ ಅಂತಾರೆ. ಅಂದು, ನಕ್ಕು, ಮುಂದಿನ ತಿಂಗಳೂ ಅದನ್ನೇ ಕಳಿಸ್ತೀವಿ.

ಇದು ಹೆಂಗ ಆಗ್ತದ ನೋಡ್ರಿ. ಒಪ್ಪಂದದಲ್ಲಿ ಸರ್ವರ್ ಶೇ. 99.5 ಹೊತ್ತು ನಡೆಯಬೇಕು ಅಂತ ಇರುತ್ತದೆ. ಕೇಳಾಕ ಭಾರಿ. 30 ದಿನಕ್ಕೆ 720 ಗಂಟೆ. ಅದರ ಅರ್ಧ ಪರ್ಸೆಂಟ್ ಅಂದರೆ 3 ಗಂಟೆ 36 ನಿಮಿಷ. ಅಷ್ಟು ಹೊತ್ತು ಸರ್ವರ್ ರಾತ್ರಿ ಎರಡಕ್ಕೆ ಬಿದ್ದರೂ ಪಾಸ್, ಸೋಮವಾರ ಮುಂಜಾನೆ ಹತ್ತೂವರೆಗೆ ಬಿದ್ದರೂ ಪಾಸ್.

ಯರಗೇರಾದಾಗಿರೋ ನಮ್ಮವ್ವಗ ಎರಡೂ ಒಂದೇ ಅಲ್ಲ. ಹತ್ತಿ ಬಿಡಿಸೋ ಕಾಲದಾಗ ಕೂಲಿ ಬಿಟ್ಟು ಒಂದು ಪ್ರಮಾಣಪತ್ರಕ್ಕಂತ ಕಚೇರಿಗೆ ಹೋದಳು. 'ಸರ್ವರ್ ಇಲ್ಲವ್ವ, ನಾಳೆ ಬಾ.' ಮರುದಿನವೂ ಅದೇ ಮಾತು. ಮೂರನೇ ದಿನ ಅರ್ಜಿ ತಗೊಂಡು ರಸೀದಿ ಕೊಟ್ಟರು. ಫೋನಿನಾಗ ನಾನು ಸಿಟ್ಟಾದರೆ, 'ನೀನೂ ಬೆಂಗಳೂರಾಗ ಇಂಥದ್ದೇ ಕೆಲಸ ಮಾಡ್ತೀಯಲ್ಲೋ' ಅಂದಳು.

ಮಾಡ್ತೀನಿ. ಗಡುವು ಮುಗಿಯಾಕ ಹತ್ತು ನಿಮಿಷ ಇದ್ದಾಗ 'ದಯವಿಟ್ಟು ಸ್ಕ್ರೀನ್‌ಶಾಟ್ ಕಳಿಸಿ' ಅಂತ ಒಂದು ಮೇಲ್ ಹಾಕಿದರೆ ಸಾಕು, ಟಿಕೆಟ್ 'ಪೆಂಡಿಂಗ್ ಕಸ್ಟಮರ್' ಆಗ್ತದ, ಗಡಿಯಾರ ನಿಲ್ತದ. ಸ್ಕ್ರೀನ್‌ಶಾಟ್ ಬೇಕಾಗಿರಲಿಲ್ಲ. ನಾನೂ ಎಷ್ಟೋ ಸಲ ಕೇಳಿದ್ದೇನೆ.

ಸರ್ಕಾರವೂ ಜನರಿಗೆ ಒಂದು ಎಸ್‌ಎಲ್‌ಎ ಬರೆದುಕೊಟ್ಟದ, ಅದೇ ಸಕಾಲ. 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯದ ತುಂಬ ಜಾರಿ. ಗಡುವು ತಪ್ಪಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಅದೂ ತಡ ಮಾಡಿದ ನೌಕರನಿಂದಲೇ ವಸೂಲಿ. ಇದನ್ನ ನಾನು ಹಗುರ ಮಾಡೋದಿಲ್ಲ. 'ಸಾಹೇಬರು ಇಲ್ಲ' ಅಂತ ತಿಂಗಳುಗಟ್ಟಲೆ ಅಲೆದ ಜನರ ಕೈಗೆ 15 ಅಂಕಿಯ ಒಂದು ನಂಬರ್ ಬಂತು, ಮೇಲ್ಮನವಿಯ ಹಕ್ಕು ಬಂತು. ಆದರೆ ಗಡಿಯಾರ ಓಡೋದು ಆ ನಂಬರ್ ಹುಟ್ಟಿದ ಮೇಲೆ. ನಂಬರ್ ಹುಟ್ಟೋ ಮುಂಚಿನ ಎರಡು ದಿನ ಯಾವ ಲೆಕ್ಕದಾಗೂ ಇಲ್ಲ. ಅವ್ವನ ಅರ್ಜಿ ಕಂಪ್ಯೂಟರಿನಾಗ ಗಡುವಿನೊಳಗೇ ವಿಲೇವಾರಿ!

ಈ ಮಾತು ಎತ್ತಿದರೆ ನಮ್ಮ ಮ್ಯಾನೇಜರುಗಳು, 'ಅಳೆಯಾಕ ಬರೋದನ್ನಷ್ಟೇ ಒಪ್ಪಂದಕ್ಕೆ ಹಾಕಬಹುದು' ಅಂತಾರೆ. ಅಳೆಯಾಕ ಬರಲ್ಲ ಅಂದವರು ಯಾರು? ಕಚೇರಿ ತೆರೆದ ಹೊತ್ತಿನ ಲೆಕ್ಕ ಬೇರೆ ಇಡ್ರಿ, ರಾತ್ರಿಯ ಗಂಟೆ ಅದಕ್ಕೆ ಕೂಡಿಸಬ್ಯಾಡ್ರಿ. ಒಂದು ಅರ್ಜಿಗೆ ಮನುಷ್ಯ ಎಷ್ಟು ಸಲ ಬಂದ ಅಂತ ಎಣಿಸ್ರಿ. ಟಿಕೆಟ್ ನಿಲ್ಲಿಸೋ ಅಧಿಕಾರ ಟಿಕೆಟ್ ಹಾಕಿದವನಿಗೇ ಕೊಡ್ರಿ. ಮೊದಲನೇ ತಿಂಗಳೇ ವರದಿ ಕೆಂಪಾಗ್ತದ, ನನ್ನ ಅಪ್ರೈಸಲ್ಲೂ ಕೆಡ್ತದ. ಕೆಡಲಿ.

ಕಚೇರಿಯವರನ್ನ ಕೇಳೋದು ಇದಕ್ಕಿಂತ ಸಣ್ಣದು. ಸರ್ವರ್ ಬಿದ್ದಾಗ ಒಂದು ಚೀಟಿ ಮೇಲೆ ಬಂದವರ ಹೆಸರು, ತಾರೀಖು ಬರೆದು ಸೀಲ್ ಹೊಡೆದು ಕೊಡ್ರಿ. ಗಡುವು ಆ ದಿನದಿಂದ ಎಣಿಸ್ರಿ. ಸೀಲ್ ಹೊಡಿಯಾಕ ಸರ್ವರ್ ಬೇಕಿಲ್ಲ.