ಗೊಬ್ಬರದ ಲಾರಿಗೆ ಎಂತಹ ಗಾಲಿ?

ಬಯಲುಸೀಮೆಯ ಕುರಿಗೊಬ್ಬರ ಮಲೆನಾಡಿನ ಅಡಿಕೆ, ಕಾಫಿ ತೋಟಗಳಿಗೆ ಲಾರಿಗಟ್ಟಲೆ ಬರುತ್ತಿರುವುದು ಬೆಳೆಗಾರ ಬಾಂಧವರಿಗೆ ತಿಳಿದ ವಿಷಯವೇ. ಬಾಡಿಗೆ ಏರಿದಂತೆಲ್ಲ, ನಾಲ್ಕಾರು ಜನ ಸೇರಿ ಆರು ಗಾಲಿಯ ಹಳೆಯ ಲಾರಿಯೊಂದನ್ನು ಕೊಂಡರೆ ಹೇಗೆ ಎಂಬ ಮಾತು ಹುಟ್ಟುವುದು ಸಹಜ. ಅದರ ಬೆನ್ನಿಗೇ ಬರುವ ಇನ್ನೊಂದು ಮಾತು: ಒಂದು ಅಳತೆ ದೊಡ್ಡ ಟಯರು ಹಾಕಿಸಿದರೆ ಇನ್ನೆರಡು ಟನ್ ಹೇರಬಹುದು. ಇದನ್ನು ನಾವು ಒಪ್ಪುವುದಿಲ್ಲ.

ಭಾರ ಹೊರುವ ಶಕ್ತಿಯನ್ನು ಟಯರಿನ ಎತ್ತರ ನೋಡಿ ಅಳೆಯಲಾಗದು. ಅದರ ಮಗ್ಗುಲಲ್ಲಿ ಅಚ್ಚಾಗಿರುವ ಅಂಕಿಯನ್ನು ಓದಬೇಕು. 10.00-20 ಅಳತೆಯ ಟಯರಿನ ಮೇಲೆ 146/143 ಎಂದಿದ್ದರೆ, ಒಂಟಿಯಾಗಿ ಅದು 3,000 ಕಿಲೋ, ಜೋಡಿಯಲ್ಲಿ 2,725 ಕಿಲೋ ತಾಳುತ್ತದೆ. ಅಂದರೆ ಮುಂದಿನ ಎರಡಕ್ಕೆ 6 ಟನ್, ಹಿಂದಿನ ನಾಲ್ಕಕ್ಕೆ 10.9 ಟನ್. 2018ರಲ್ಲಿ ಕೇಂದ್ರ ಸರ್ಕಾರವು ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಮುಂದೆ 7, ಹಿಂದೆ 11.5. ಹಳೆಯ ಮಿತಿಗೆ ಸರಿಹೋಗುತ್ತಿದ್ದ ಟಯರು ಹೊಸ ಮಿತಿಗೆ ಎರಡೂ ಕಡೆ ಸಾಲದು. ಮುಂದೆ 7 ಟನ್ ಬರುವುದಾದರೆ 152ಕ್ಕೆ ಕಡಿಮೆಯಿರುವ ಅಂಕಿ ನಡೆಯದು. ಹಳೆಯ ಲಾರಿಗಂತೂ ನೋಂದಣಿ ಪುಸ್ತಕದಲ್ಲಿ ಬರೆದ ತೂಕವೇ ಮಿತಿ. ಟಯರು ಬದಲಿಸಿದ ಮಾತ್ರಕ್ಕೆ ಆ ತೂಕವೂ ಏರದು, ಅಚ್ಚು, ಪ್ಲೇಟು, ಬ್ರೇಕುಗಳೂ ಬಲಿಯವು.

9.00-20 ತೆಗೆದು 10.00-20 ಹಾಕಿಸುವವರು ಡಿಸ್ಕನ್ನೂ ನೋಡತಕ್ಕದ್ದು. ಮೊದಲನೆಯದಕ್ಕೆ 7 ಅಂಗುಲ ಅಗಲದ ಡಿಸ್ಕು, ಎರಡನೆಯದಕ್ಕೆ 7.5. ಹಳೆಯ ಡಿಸ್ಕಿನ ಮೇಲೆಯೇ ಅಗಲದ ಟಯರು ಕೂರಿಸಿದರೆ ಹಿಂದಿನ ಜೋಡಿಯ ನಡುವೆ ಸಂದು ಉಳಿಯದೆ, ಭಾರ ಬಿದ್ದಾಗ ಮಗ್ಗುಲಿಗೆ ಮಗ್ಗುಲು ಉಜ್ಜಿ ಕಾದು ಸಿಡಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಎಳೆಯುವ ಬಲ ತಗ್ಗುತ್ತದೆ. ಘಾಟಿಯ ಏರಿನಲ್ಲಿ ಇದರ ಅರಿವಾಗುವುದು. ವೇಗದ ಮುಳ್ಳು ಸಹ ನಿಜಕ್ಕಿಂತ ಕಡಿಮೆ ತೋರಿಸುವುದು. ಜೋಡಿಯಲ್ಲಿ ಒಂದು ಹೊಸತು, ಒಂದು ಸವೆದದ್ದು ಹಾಕುವ ಉಳಿತಾಯ ಇನ್ನೂ ಕೆಟ್ಟದ್ದು. ಎತ್ತರದ್ದೇ ಹೆಚ್ಚಿನ ಭಾರ ಹೊತ್ತು ಮೊದಲು ಸಾಯುತ್ತದೆ.

ಇನ್ನು ನೆಲದ ಮಾತು. ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ಕಡೆಯ ಎರೆಹೊಲವನ್ನೇ ಉದಾಹರಣೆಗೆ ಹಿಡಿಯೋಣ. ಒಣಗಿದಾಗ ಬಿರುಕು, ಒಂದು ಮಳೆ ಬಿದ್ದರೆ ಅಂಟು. ಹಸಿ ಎರೆಯಲ್ಲಿ ತುಂಬಿದ ಲಾರಿಯನ್ನು ಯಾವ ಅಳತೆಯ ಟಯರೂ ಕಾಪಾಡದು. ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ರಸ್ತೆಯ ಬದಿಗೆ ತರಿಸಿ ಅಲ್ಲಿಂದ ಹೇರುವುದೇ ಅಗ್ಗ. ಮಳೆ ನೆನೆದ ಗೊಬ್ಬರವಾದರೆ ತುಂಬಿದ ಎತ್ತರ ಅಷ್ಟೇ, ತೂಕ ಮಾತ್ರ ಬಹಳ ಹೆಚ್ಚು. (ತೂಕದ ಲೆಕ್ಕದಲ್ಲಿ ಕೊಳ್ಳುವವರು ನೀರಿಗೂ ಹಣ ತೆರುತ್ತಾರೆ, ಅದು ಬೇರೆ ಮಾತು.) ಆದುದರಿಂದ ಮೊದಲ ಟ್ರಿಪ್ಪಿನಲ್ಲೇ ಕಾಟಾದ ಮೇಲೆ ಮುಂದಿನ ಅಚ್ಚು, ಹಿಂದಿನ ಅಚ್ಚು ಬೇರೆ ಬೇರೆ ತೂಗಿಸಿ, ಆ ಚೀಟಿ ಹಿಡಿದು ಟಯರಿನ ಅಂಗಡಿಗೆ ಹೋಗುವುದು ಒಳ್ಳೆಯದು. ಸ್ಟೆಪ್ನಿಯೂ ಅದೇ ಅಳತೆಯದಾಗಿರಲಿ.